ಮುಟ್ಟು ತಪ್ಪಿದಾಗ: ಪರೀಕ್ಷೆಯೂ ಆಸರೆಯೂ

ತ್ರಾಸಿ, ಮರವಂತೆ, ಗಂಗೊಳ್ಳಿಗಳ ಅನೇಕ ಮನೆಗಳಲ್ಲಿ ದುಡಿಯುವ ಗಂಡಸರು ಕಡಲಿಗೆ ಇಳಿದಿರುತ್ತಾರೆ, ಇಲ್ಲವೇ ಬೆಂಗಳೂರು, ಮುಂಬಯಿಗಳ ಹೋಟೆಲುಗಳಲ್ಲಿರುತ್ತಾರೆ. ಊರಿನಲ್ಲಿ ಉಳಿದ ಹೊಸ ಸೊಸೆಗೆ ಮುಟ್ಟು ಹತ್ತು ದಿನ ತಡವಾದರೆ ಆಕೆ ಯಾರಲ್ಲಿ ಹೇಳಬೇಕು? ಅತ್ತೆಯ ಮುಂದೆ ಸಂಕೋಚ. ಪತಿಗೆ ಫೋನಿನಲ್ಲಿ ಹೇಳಲು, ಇನ್ನೂ ಖಚಿತವಾಗಲಿ ಎಂಬ ಹಿಂಜರಿಕೆ. ಈ ಮೌನದಲ್ಲಿ ಎರಡು ತಿಂಗಳು ಸರಿದುಹೋಗುತ್ತವೆ. ಶಿಶುವಿನ ಮಿದುಳು, ಬೆನ್ನುಹುರಿ, ಹೃದಯಗಳು ರೂಪುಗೊಳ್ಳುವುದು ಆ ದಿನಗಳಲ್ಲಿಯೇ.

12ನೆಯ ಶತಮಾನದ ಶರಣರು ಪಂಚಸೂತಕಗಳನ್ನು ನಿರಾಕರಿಸಿದರು. ರಜಸ್ಸೂತಕವೂ ಅವುಗಳಲ್ಲಿ ಒಂದು. ಆ ಪರಂಪರೆಯವರಾದ ನಾವು ಮುಟ್ಟಿನ ದಿನಾಂಕವನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತಿಸಲು ನಾಚಬೇಕಾಗಿಲ್ಲ. ಗರ್ಭದ ಎಲ್ಲ ಲೆಕ್ಕವೂ ಕೊನೆಯ ಮುಟ್ಟಿನ ಮೊದಲ ದಿನದಿಂದಲೇ ಆರಂಭವಾಗುತ್ತದೆ. ಆ ದಿನಕ್ಕೆ ಒಂಬತ್ತು ತಿಂಗಳು, ಏಳು ದಿನ ಸೇರಿಸಿದರೆ ಹೆರಿಗೆಯ ಅಂದಾಜು ದಿನ ದೊರೆಯುತ್ತದೆ.

ವಾಕರಿಕೆ, ಆಯಾಸ, ಸ್ತನಗಳಲ್ಲಿ ನೋವು, ಪದೇ ಪದೇ ಮೂತ್ರಕ್ಕೆ ಹೋಗಬೇಕೆನಿಸುವುದು ಗರ್ಭದ ಸೂಚನೆಗಳಾಗಿರಬಹುದು. ಆದರೆ ಥೈರಾಯ್ಡ್ ತೊಂದರೆ, ಮನಸ್ಸಿನ ಒತ್ತಡ, ದೇಹತೂಕದ ಏರುಪೇರುಗಳಿಂದಲೂ ಮುಟ್ಟು ತಡವಾಗುವುದುಂಟು. ಉಪ್ಪು, ಸಕ್ಕರೆಗಳಿಂದ ಮಾಡುವ ಪರೀಕ್ಷೆಗಳಿಗೆ ಆಧಾರವಿಲ್ಲ. ಖಚಿತಪಡಿಸಿಕೊಳ್ಳಲು ಸುಲಭವಾದ ಮಾರ್ಗವೆಂದರೆ ಮೂತ್ರಪರೀಕ್ಷೆಯ ಕಿಟ್. ಅದು ಔಷಧದಂಗಡಿಯಲ್ಲಿ ದೊರೆಯುತ್ತದೆ. ಆಶಾ ಕಾರ್ಯಕರ್ತೆಯರ ಮೂಲಕ ಸರ್ಕಾರದ ‘ನಿಶ್ಚಯ್’ ಕಿಟ್ ಉಚಿತವಾಗಿಯೂ ಸಿಗುತ್ತದೆ. ಮುಟ್ಟು ತಪ್ಪಿದ ದಿನದಿಂದ ಪರೀಕ್ಷಿಸಬಹುದು. ಬೆಳಗಿನ ಮೊದಲ ಮೂತ್ರ ಉತ್ತಮ. ಹೊದಿಕೆಯ ಮೇಲೆ ಸೂಚಿಸಿದಷ್ಟೇ ನಿಮಿಷ ಕಾದು ನೋಡಬೇಕು. ಎರಡು ಗೆರೆ ಮೂಡಿದರೆ, ಒಂದು ಮಸುಕಾಗಿದ್ದರೂ, ಗರ್ಭ ನಿಂತಿದೆಯೆಂದು ತಿಳಿಯಬೇಕು. ‘ಸಿ’ ಎಂಬಲ್ಲಿ ಮಾತ್ರ ಗೆರೆಯಿದ್ದರೆ ಇಲ್ಲವೆಂದು. ಆದರೂ ಮುಟ್ಟು ಬಾರದಿದ್ದರೆ ಒಂದು ವಾರದ ಬಳಿಕ ಮತ್ತೊಮ್ಮೆ ಪರೀಕ್ಷಿಸಿ ವೈದ್ಯರನ್ನು ಕಾಣಬೇಕು. ‘ಸಿ’ ಗೆರೆಯೇ ಮೂಡದಿದ್ದರೆ ಆ ಕಿಟ್ ಕೆಟ್ಟಿದೆಯೆಂದರ್ಥ.

ಗರ್ಭ ಖಚಿತವಾದೊಡನೆ, 12 ವಾರಗಳೊಳಗೆ, ಸಮೀಪದ ಆರೋಗ್ಯ ಕೇಂದ್ರದಲ್ಲಿ ಹೆಸರು ನೋಂದಾಯಿಸಿ ತಾಯಿ ಕಾರ್ಡ್ ಪಡೆಯಬೇಕು. ರಕ್ತ, ರಕ್ತದೊತ್ತಡ, ಮೂತ್ರಗಳ ಪರೀಕ್ಷೆಯಾಗುತ್ತದೆ. ಫೋಲಿಕ್ ಆಮ್ಲದ ಮಾತ್ರೆ ದೊರೆಯುತ್ತದೆ. 2016ರಿಂದ ಪ್ರತಿ ತಿಂಗಳ 9ರಂದು ಸರ್ಕಾರಿ ಆಸ್ಪತ್ರೆಗಳಲ್ಲಿ ಗರ್ಭಿಣಿಯರ ವಿಶೇಷ ತಪಾಸಣೆ ಉಚಿತವಾಗಿ ನಡೆಯುತ್ತಿದೆ. ಮಾತೃವಂದನಾ ಯೋಜನೆಯಲ್ಲಿ ಅರ್ಹರಿಗೆ ಮೊದಲ ಮಗುವಿಗೆ 5,000 ರೂಪಾಯಿ ನೆರವಿದೆ. ಅಂಗನವಾಡಿಯಲ್ಲಿ ಮಾತೃಪೂರ್ಣ ಯೋಜನೆಯ ಪೌಷ್ಟಿಕ ಆಹಾರವಿದೆ.

ಕಿಬ್ಬೊಟ್ಟೆಯ ಒಂದು ಬದಿಯಲ್ಲಿ ತೀವ್ರ ನೋವು, ರಕ್ತಸ್ರಾವ, ತಲೆಸುತ್ತು ಕಂಡರೆ ಗರ್ಭವು ಗರ್ಭಕೋಶದ ಹೊರಗೆ ನಿಂತಿರಬಹುದು. ಇದು ಪ್ರಾಣಾಪಾಯದ ಸ್ಥಿತಿ. ಕ್ಷಣವೂ ತಡಮಾಡದೆ 108ಕ್ಕೆ ಕರೆ ಮಾಡಬೇಕು.

ಎಲ್ಲ ಗರ್ಭವೂ ಸಂತೋಷದ ಸುದ್ದಿಯಾಗಿ ಬರುವುದಿಲ್ಲವೆಂಬುದನ್ನೂ ನಾವು ಮರೆಯಲಾಗದು. ಭಯದಿಂದ ತತ್ತರಿಸಿದ ಹೆಣ್ಣುಮಗಳು ಯಾರಿಗೂ ಹೇಳದೆ ಅಂಗಡಿಯ ಮಾತ್ರೆ ನುಂಗಿ ಪ್ರಾಣಕ್ಕೆ ಎರವಾಗಬಾರದು. 1971ರ ಕಾನೂನು ಹಾಗೂ ಅದರ 2021ರ ತಿದ್ದುಪಡಿಯಂತೆ, ನಿಗದಿತ ಕಾರಣ ಹಾಗೂ ಅವಧಿಗಳ ಮಿತಿಯಲ್ಲಿ, ಅರ್ಹ ವೈದ್ಯರ ನೆರವು ಪಡೆಯಲು ಅವಕಾಶವಿದೆ. 18 ತುಂಬಿದ ಮಹಿಳೆಗೆ ಆಕೆಯ ಒಪ್ಪಿಗೆಯೇ ಸಾಕು. ವಿಷಯವನ್ನು ಗೋಪ್ಯವಾಗಿಡುವುದು ವೈದ್ಯರ ಹೊಣೆ. ಮಾತನಾಡಲು ಯಾರೂ ಇಲ್ಲವೆನಿಸಿದರೆ ಆರೋಗ್ಯ ಸಹಾಯವಾಣಿ 104, ಮಹಿಳಾ ಸಹಾಯವಾಣಿ 181 ಇವೆ.

ಮನೆಯ ಹಿರಿಯರಲ್ಲಿ ನಮ್ಮದೊಂದು ವಿನಂತಿ. ಸೊಸೆಯೋ ಮಗಳೋ ಊಟ ಬಿಟ್ಟು ಮಂಕಾಗಿ ಕುಳಿತಿದ್ದರೆ, “ವಿಶೇಷವೇನು?” ಎಂದು ಹತ್ತು ಜನರ ಮುಂದೆ ಕೇಳಬೇಡಿ. ಬದಿಯಲ್ಲಿ ಕುಳಿತು, “ಏನಿದ್ದರೂ ಹೇಳು ಮಗಾ, ನಾವಿದ್ದೇವೆ” ಎನ್ನಿ. ಮೊದಲ ತಪಾಸಣೆಗೆ ಆಕೆಯ ಜೊತೆ ನೀವೂ ಹೋಗಿ. ಪರೀಕ್ಷೆಯ ಕಿಟ್ ಗರ್ಭವನ್ನಷ್ಟೇ ತಿಳಿಸುತ್ತದೆ. ಆಸರೆ ಮನೆಯವರಿಂದಲೇ ಬರಬೇಕು.