ತಾತನ ಡಾಲಿ, ಭಾವನ ದೋಣಿ

ಮೆಕ್ಯಾನಿಕಲ್ ಎಂಜಿನಿಯರಿಂಗ್ ಓದುತ್ತಿದ್ದೇನೆ ಎಂದರೆ ಮದುವೆ ಮನೆಗಳಲ್ಲಿ ನನಗೆ ಎದುರಾಗುವ ಮೊದಲ ಪ್ರಶ್ನೆ, ‘ಯಾಕೆ, ಸಿಎಸ್ ಸಿಗಲಿಲ್ವಾ?’ ಸಿಗುತ್ತಿತ್ತು, ನಾನೇ ಬೇಡವೆಂದೆ ಎಂದರೆ ಯಾರೂ ನಂಬುವುದಿಲ್ಲ. ನಾಲ್ಕನೇ ಸೆಮಿಸ್ಟರ್ ಪರೀಕ್ಷೆ ಮುಗಿದಾಗ ಕ್ಲಾಸಿನ ಅರ್ಧ ಜನ ಪೈಥಾನ್ ಕೋರ್ಸಿಗೋ ಇಂಟರ್ನ್‌ಶಿಪ್‌ಗೋ ಸೇರಿಕೊಂಡರು. ನಾನು ಅಮ್ಮನ ಸೂಟ್‌ಕೇಸ್ ತಳ್ಳಿಕೊಂಡು ಅಮೆರಿಕದ ಮಿನ್ನೆಸೋಟಕ್ಕೆ ಹೋದೆ. ಅಲ್ಲಿರುವ ಅಕ್ಕನಿಗೆ ಬಾಣಂತನ ಮಾಡಲು ಅಮ್ಮ ಹೊರಟಿದ್ದಳು, ಒಬ್ಬಳೇ ವಿಮಾನ ಹತ್ತಲು ಅವಳಿಗೆ ಭಯ.

ಅಕ್ಕನ ಮನೆಯ ಗ್ಯಾರೇಜಿನಲ್ಲಿ ಕಾರು ಇರಲಿಲ್ಲ. ಅಲ್ಲೊಂದು ದೋಣಿ ಬೋರಲು ಬಿದ್ದಿತ್ತು. 14 ಅಡಿ ಉದ್ದದ, ಅಲ್ಯೂಮಿನಿಯಂ ತಗಡಿನ ಅಲ್ಯುಮಾಕ್ರಾಫ್ಟ್, 1957ರದ್ದು. ಪಕ್ಕದ ಬೀದಿಯ ಅಜ್ಜನೊಬ್ಬರು ಮನೆ ಮಾರಿ ಹೊರಡುವಾಗ ಗುಜರಿಗೆ ಹಾಕಲಿದ್ದರಂತೆ. ಭಾವ 250 ಡಾಲರ್ ಕೊಟ್ಟು ಉಳಿಸಿಕೊಂಡಿದ್ದರು. ಜೊತೆಗೆ ಅದೇ ಕಾಲದ ಹತ್ತು ಎಚ್‌ಪಿಯ ಜಾನ್ಸನ್ ಮೋಟಾರು. ಭಾವ ಸಾಫ್ಟ್‌ವೇರಿನವರು. ‘ನೀನು ಮೆಕ್ಯಾನಿಕಲ್ ಅಲ್ವೇನೋ, ಇದಕ್ಕೇನು ಮಾಡೋದು ಹೇಳು’ ಎಂದರು. ಜೀವನದಲ್ಲಿ ಮೊದಲ ಬಾರಿಗೆ ಯಾರೋ ನನ್ನ ಬ್ರಾಂಚನ್ನು ನಂಬಿ ಕೇಳಿದ ಪ್ರಶ್ನೆ ಅದು!

ಈ ದೋಣಿಗಳಿಗೆ ಒಂದು ಕಥೆಯಿದೆ. ಎರಡನೇ ಮಹಾಯುದ್ಧದಲ್ಲಿ ಅಮೆರಿಕದ ಕಾರ್ಖಾನೆಗಳು ವಿಮಾನಕ್ಕಾಗಿ ಅಲ್ಯೂಮಿನಿಯಂ ತಗಡು ಬಗ್ಗಿಸುವುದನ್ನೂ ರಿವೆಟ್ ಹೊಡೆಯುವುದನ್ನೂ ಚೆನ್ನಾಗಿ ಕಲಿತವು. ಯುದ್ಧ ಮುಗಿದ ಮೇಲೆ ಆ ಕೈಗಳಿಗೆ ಬೇರೆ ಕೆಲಸ ಬೇಕಿತ್ತು. ಹೆಲ್‌ಕ್ಯಾಟ್ ಯುದ್ಧವಿಮಾನ ಕಟ್ಟುತ್ತಿದ್ದ ಗ್ರಮ್ಮನ್ ಕಂಪನಿಯ ಅಧಿಕಾರಿ ವಿಲಿಯಂ ಹಾಫ್‌ಮನ್ 1944ರಲ್ಲಿ ರಜೆಗೆ ಹೋದಾಗ, ಮರದ ಭಾರದ ದೋಣಿಯನ್ನು ಹೊತ್ತು ಸುಸ್ತಾಗಿ, ಇದನ್ನೇಕೆ ಅಲ್ಯೂಮಿನಿಯಂನಲ್ಲಿ ಮಾಡಬಾರದು ಎಂದು ಯೋಚಿಸಿದರು. ಗ್ರಮ್ಮನ್ ದೋಣಿ ಹುಟ್ಟಿದ್ದು ಹಾಗೆ. ಮುಂದೆ ಮನುಷ್ಯರನ್ನು ಚಂದ್ರನ ಮೇಲೆ ಇಳಿಸಿದ ನೌಕೆಯನ್ನು ಕಟ್ಟಿದ್ದೂ ಇದೇ ಕಂಪನಿ. ಭಾವನ ದೋಣಿಯ ಅಲ್ಯುಮಾಕ್ರಾಫ್ಟ್ ಮಿನ್ನೆಸೋಟದಲ್ಲೇ 1946ರಲ್ಲಿ ಶುರುವಾದದ್ದು. ಅಡುಗೆ ಪಾತ್ರೆ ಮಾಡುತ್ತಿದ್ದ ಮಿರೋ ಕಂಪನಿ ಕೂಡ ಮುಂದೆ ದೋಣಿಗೆ ಇಳಿಯಿತು. ಇದನ್ನು ಹೇಳಿದಾಗ ಅಮ್ಮ, ‘ಹಾಗಾದ್ರೆ ಇದು ದೊಡ್ಡ ಬೋಗುಣಿ ಅನ್ನು’ ಎಂದಳು.

ಹಳೇ ಅಲ್ಯೂಮಿನಿಯಂ ದೋಣಿ ಎಲ್ಲಿ ಸೋರುತ್ತದೆಂದು ತಿಳಿಯಲು ಅದನ್ನು ಕೆರೆಗೆ ಇಳಿಸಬೇಕಿಲ್ಲ. ಟ್ರೇಲರ್ ಮೇಲಿಟ್ಟು ಒಳಗೆ ಸ್ವಲ್ಪ ನೀರು ತುಂಬಿಸಿ, ಕೆಳಗೆ ಮಲಗಿ ನೋಡಿದರೆ ಸಾಕು. ತೊಟ್ಟಿಕ್ಕುವ ರಿವೆಟ್‌ಗಳಿಗೆಲ್ಲ ಬಳಪದ ಗುರುತು ಹಾಕಿದೆವು. ಒಟ್ಟು 43. ಅರವತ್ತು ಚಿಲ್ಲರೆ ವರ್ಷ ಅಲೆಗಳು ಗುದ್ದಿ ಗುದ್ದಿ ರಿವೆಟ್ ಸಡಿಲವಾಗುತ್ತದೆ, ತೂತು ದೊಡ್ಡದಾಗುತ್ತದೆ. ಭಾವ ಪಾಪ್ ರಿವೆಟ್ ಹೊಡೆದು ಒಂದೇ ದಿನದಲ್ಲಿ ಮುಗಿಸೋಣ ಎಂದರು. ನನಗೆ ತಾತನ ನೆನಪಾಯಿತು.

ನಮ್ಮ ತಾತ ತುಮಕೂರಿನಲ್ಲಿ ಮೂವತ್ತು ವರ್ಷ ಬಸ್ ಬಾಡಿ ಕಟ್ಟುವ ಶೆಡ್ಡಿನಲ್ಲಿದ್ದವರು. ಬಸ್ಸಿನ ಮೈ ಕೂಡ ಅಲ್ಯೂಮಿನಿಯಂ ತಗಡು, ಅದನ್ನು ಹಿಡಿದಿಡುವುದೂ ರಿವೆಟ್ಟೇ. ತಾತನಿಗೆ ಈಗ ಎಪ್ಪತ್ತೆಂಟು, ಕಿವಿ ಮಂದ. ಮನೆಯಲ್ಲಿ ಎಲ್ಲರೂ ಅವರ ಹತ್ತಿರ ಕೂಗಿಯೇ ಮಾತಾಡುವುದು, ಅವರು ಒಂದಕ್ಕೊಂದು ಉತ್ತರ ಕೊಟ್ಟಾಗ ನಗುವುದು. ಅಲ್ಲಿ ಬೆಳಗ್ಗೆ ಎಂಟು ಗಂಟೆಯೆಂದರೆ ನಮ್ಮೂರಲ್ಲಿ ಸಂಜೆ ಆರೂವರೆ. ಮಾವನ ಮಗಳು ಫೋನ್ ಹಿಡಿದುಕೊಂಡು ನನ್ನ ಪ್ರಶ್ನೆಗಳನ್ನು ತಾತನ ಕಿವಿಗೆ ಕೂಗುತ್ತಿದ್ದಳು. ತಾತ ಪಾಪ್ ರಿವೆಟ್ ಅಂದ ತಕ್ಷಣ ತಲೆ ಅಲ್ಲಾಡಿಸಿದರು. ‘ಅದು ಟೊಳ್ಳು ಕಣಪ್ಪಾ. ಬಸ್ಸಿಗೆ ಸರಿ, ದೋಣಿಗೆ ಹೊಡೆದ್ರೆ ಅದರ ಮಧ್ಯದಿಂದಲೇ ನೀರು ಬರುತ್ತೆ.’ ಬಾಯಿ ಮುಚ್ಚಿದ ಪಾಪ್ ರಿವೆಟ್‌ಗಳೂ ಸಿಗುತ್ತವೆ, ಆದರೆ ತಾತನ ಮಾತು ಮೀರುವ ಧೈರ್ಯ ಇಬ್ಬರಿಗೂ ಇರಲಿಲ್ಲ.

ಗಟ್ಟಿ ರಿವೆಟ್ ಹೊಡೆಯಲು ಇಬ್ಬರು ಬೇಕು. ಹೊರಗಿನವನು ರಿವೆಟ್ಟಿನ ತಲೆಯ ಮೇಲೆ ಗಾಳಿಯ ಗನ್ ಒತ್ತಿ ಹೊಡೆಯುತ್ತಾನೆ. ಒಳಗಿನವನು ಬಾಲದ ಮೇಲೆ ಡಾಲಿ, ಅಂದರೆ ಒಂದು ಕಬ್ಬಿಣದ ತುಂಡನ್ನು ಒತ್ತಿ ಹಿಡಿಯುತ್ತಾನೆ. ಡಾಲಿಗೆ ತಾಗಿ ತಾಗಿ ಬಾಲ ಚಪ್ಪಟೆಯಾಗಿ ಇನ್ನೊಂದು ತಲೆಯಾಗುತ್ತದೆ. ಆ ತಲೆಯ ಅಗಲ ರಿವೆಟ್ ದಪ್ಪದ ಒಂದೂವರೆ ಪಟ್ಟು, ಎತ್ತರ ಅರ್ಧದಷ್ಟು ಇರಬೇಕು. ಇದನ್ನು ಪುಸ್ತಕದಲ್ಲಿ ಓದಿದ್ದೆ. ಒಬ್ಬರಿಗೊಬ್ಬರು ಕಾಣದ, ಕೇಳದ ಈ ಇಬ್ಬರು ಮಾತಾಡುವುದು ಹೇಗೆ ಎಂಬುದು ಪುಸ್ತಕದಲ್ಲಿರಲಿಲ್ಲ. ‘ಒಳಗಿನೋನು ತಗಡಿನ ಮೇಲೆ ತಟ್ಟಬೇಕು. ಒಂದು ತಟ್ಟಿದ್ರೆ ಇನ್ನೂ ಹೊಡಿ. ಎರಡು ತಟ್ಟಿದ್ರೆ ಸಾಕು. ಮೂರು ತಟ್ಟಿದ್ರೆ ಕಿತ್ತುಹಾಕು’ ಎಂದರು ತಾತ. ವಿಮಾನದ ಕಾರ್ಖಾನೆಗಳಲ್ಲೂ ಇದೇ ಸಂಜ್ಞೆ ಇದೆಯೆಂದು ಆಮೇಲೆ ತಿಳಿಯಿತು.

ಮಗು ಎಚ್ಚರವಾಗಿದ್ದು, ಅಮ್ಮ ಅದನ್ನು ಗಾಡಿಯಲ್ಲಿ ಕೂರಿಸಿ ಬೀದಿಗೆ ಹೋದಾಗ ಮಾತ್ರ ನಮಗೆ ಗನ್ ಹೊಡೆಯಲು ಅನುಮತಿ. ದಿನಕ್ಕೆ ನಾಲ್ಕೋ ಐದೋ ರಿವೆಟ್. ದೋಣಿಯ ಕೆಳಗೆ ಮಲಗಿದ ಭಾವ ಮೊದಲ ದಿನ ಮೂರು ತಟ್ಟಿದ್ದೇ ಹೆಚ್ಚು. ಪ್ರತಿಯೊಂದರ ಫೋಟೊ ತಾತನಿಗೆ ಹೋಗುತ್ತಿತ್ತು. ಅವರು ಬೆರಳಿಂದ ಪರದೆ ಹಿಗ್ಗಿಸಿ ನೋಡಿ, ‘ಡಾಲಿ ವಾರೆ ಹಿಡಿದಿದ್ದಾನೆ ನಿಮ್ಮ ಭಾವ’ ಎನ್ನುತ್ತಿದ್ದರು. ಅವರ ಮಾತು ಯಾವತ್ತೂ ತಪ್ಪಲಿಲ್ಲ.

ಒಂದು ದಿನ ವಿಡಿಯೊದಲ್ಲಿ ನನ್ನನ್ನು ನೋಡುತ್ತಿದ್ದವರು ಕೇಳಿದರು, ‘ಕಿವಿ ಮೇಲೆ ಅದೇನೋ?’ ಅದು ಸದ್ದು ತಡೆಯುವ ಇಯರ್‌ಮಫ್, ಭಾವ ಅದಿಲ್ಲದೆ ಗನ್ ಮುಟ್ಟಲು ಬಿಡುತ್ತಿರಲಿಲ್ಲ. ಹಾಕಿಕೊಳ್ಳದಿದ್ದರೆ ಕಿವಿ ಹೋಗುತ್ತದೆ ತಾತ ಎಂದೆ. ಅದನ್ನು ಮಾವನ ಮಗಳು ಅವರ ಕಿವಿಗೆ ಕೂಗಿದಳು. ಕೂಗಿ ಮುಗಿಸುವಷ್ಟರಲ್ಲಿ ಅವಳಿಗೂ ನನಗೂ ಒಟ್ಟಿಗೆ ಅರ್ಥವಾಯಿತು. ತಾತ ಸ್ವಲ್ಪ ಹೊತ್ತು ಸುಮ್ಮನಿದ್ದು, ‘ನಾವು ಹತ್ತಿ ಇಟ್ಕೋತಿದ್ವಿ. ಬೆವರಿಗೆ ಬಿದ್ದುಹೋಗೋದು’ ಎಂದರು. ಅಷ್ಟೇ. ಮತ್ತೆ ರಿವೆಟ್ ತೋರಿಸು ಎಂದರು. ಇಪ್ಪತ್ತು ವರ್ಷ ಅದೇ ಮನೆಯಲ್ಲಿದ್ದು, ಅವರ ಕಿವಿ ವಯಸ್ಸಿಗೆ ಹೋಯಿತೆಂದೇ ನಾವೆಲ್ಲ ಅಂದುಕೊಂಡಿದ್ದೆವು.

ಉಳಿದ ಕೆಲಸ ಬೇಗ ಹೇಳಿಬಿಡುತ್ತೇನೆ. ಮೋಟಾರು ಕೂರುವ ಹಿಂಬದಿಯ ಹಲಗೆ ಚಹಾದಲ್ಲಿ ಅದ್ದಿದ ಬಿಸ್ಕತ್ತಿನಂತಾಗಿತ್ತು. ಅದಕ್ಕೆ ಮರೈನ್ ಪ್ಲೈವುಡ್ ಕೊಯ್ದು, ಎಪಾಕ್ಸಿ ಬಳಿದು ಕೂರಿಸಿದೆವು. ಅಂಗಡಿಯಲ್ಲಿ ಸಿಗುವ, ಗೆದ್ದಲು ಹಿಡಿಯದ ಮರ ಅಗ್ಗ. ಆದರೆ ಅದರಲ್ಲಿ ಹೆಚ್ಚಾಗಿ ತಾಮ್ರದ ಔಷಧ ಇರುತ್ತದೆ, ಒದ್ದೆಯಾದರೆ ಅದು ಅಲ್ಯೂಮಿನಿಯಂ ಅನ್ನು ತಿನ್ನುತ್ತದೆ. ಹಿಂದೆ ಯಾರೋ ಹಾಕಿದ್ದ ಕಬ್ಬಿಣದ ಸ್ಕ್ರೂಗಳ ಸುತ್ತಲೂ ತಗಡು ಬಿಳಿ ಪುಡಿಯಾಗಿ ಉದುರುತ್ತಿತ್ತು. ಪಿಯುಸಿಯಲ್ಲಿ ಐದು ಅಂಕಕ್ಕೆ ಬಾಯಿಪಾಠ ಮಾಡಿದ ಎಲೆಕ್ಟ್ರೋಕೆಮಿಸ್ಟ್ರಿ ಕೈಗೆ ಅಂಟಿದ್ದು ಅಲ್ಲೇ.

ಮೋಟಾರು ಮಾತ್ರ ನನ್ನ ಪ್ರೀತಿಯ ಭಾಗ. ಟೂ ಸ್ಟ್ರೋಕ್, 24 ಪಾಲು ಪೆಟ್ರೋಲಿಗೆ ಒಂದು ಪಾಲು ಆಯಿಲ್. ಆರ್‌ಎಕ್ಸ್ 100 ಓಡಿಸಿದವರಿಗೆ ಆ ಹೊಗೆಯ ವಾಸನೆ ವಿವರಿಸಬೇಕಿಲ್ಲ. ಇದರಲ್ಲಿ ಪೆಟ್ರೋಲ್ ಪಂಪೇ ಇಲ್ಲ. ಟ್ಯಾಂಕಿಗೆ ಎರಡು ಪೈಪು. ಒಂದರಿಂದ ಎಂಜಿನ್ ಟ್ಯಾಂಕಿಗೆ ಗಾಳಿ ಒತ್ತುತ್ತದೆ, ಆ ಒತ್ತಡಕ್ಕೆ ಇನ್ನೊಂದರಿಂದ ಪೆಟ್ರೋಲ್ ಬರುತ್ತದೆ. ಪಾಯಿಂಟ್ಸ್ ಉಜ್ಜಿ, ಬಿರುಕುಬಿಟ್ಟ ಕಾಯಿಲ್‌ಗಳನ್ನೂ ನೀರಿನ ಪಂಪಿನ ಗಟ್ಟಿಯಾಗಿದ್ದ ರಬ್ಬರ್ ಇಂಪೆಲ್ಲರನ್ನೂ ಬದಲಿಸಿ, ಡ್ರಮ್ಮಿನ ನೀರಿನಲ್ಲಿ ಮುಳುಗಿಸಿ ಹಗ್ಗ ಎಳೆದೆವು. ಹನ್ನೊಂದನೇ ಎಳೆತಕ್ಕೆ ಕೆಮ್ಮಿತು. ಹದಿನಾಲ್ಕಕ್ಕೆ ಹೊತ್ತಿಕೊಂಡಿತು. ಒಳಗೆ ಮಗು ಎದ್ದು ಅತ್ತಿತು.

ಆಗಸ್ಟಿನ ಒಂದು ಸಂಜೆ ಹತ್ತಿರದ ಕೆರೆಗೆ ಇಳಿಸಿದೆವು. ನಿಧಾನವಾಗಿ ಹೋಗುವಾಗ ಮೂಗು ಮೇಲೆತ್ತಿಕೊಂಡು ಹೋಗುವ ದೋಣಿ, ವೇಗ ಏರಿದಾಗ ಒಮ್ಮೆಲೇ ಮೂಗು ತಗ್ಗಿಸಿ ನೀರಿನ ಮೇಲೆ ಜಾರತೊಡಗುತ್ತದೆ. ಆ ಕ್ಷಣಕ್ಕಾಗಿ ಇನ್ನೂ ನೂರು ರಿವೆಟ್ ಹೊಡೆಯಬಲ್ಲೆ. ತಗಡಿನ ತಳಕ್ಕೆ ಅಲೆ ಬಡಿಯುವ ಸದ್ದು ಖಾಲಿ ಕೊಳಗಕ್ಕೆ ಅಂಗೈ ಬಡಿದಂತೆ. ಎರಡನೇ ವಾರ ಅಮ್ಮನೂ ಬಂದಳು. ಸೀರೆಯ ಮೇಲೆ ಕಿತ್ತಳೆ ಬಣ್ಣದ ಲೈಫ್ ಜಾಕೆಟ್, ಎರಡೂ ಕೈಯಲ್ಲಿ ಸೀಟಿನ ಅಂಚು. ಮೊದಲ ಸುತ್ತಿಗೆ ಕಣ್ಣು ಮುಚ್ಚಿದ್ದವಳು, ‘ಇನ್ನೊಂದು ಸುತ್ತು ಹೋಗ್ಲಿ’ ಎಂದಳು.

ಊರಿಗೆ ಬಂದ ದಿನ ತಾತನಿಗೆ ವಿಡಿಯೊ ತೋರಿಸಿದೆ. ಕೆರೆ, ಸೂರ್ಯಾಸ್ತ, ಮಗಳ ಲೈಫ್ ಜಾಕೆಟ್ ಯಾವುದನ್ನೂ ಅವರು ಕೇಳಲಿಲ್ಲ. ‘ಎಷ್ಟು ಸೋರ್ತು?’ ಎಂದರು. ಎರಡು ಕಡೆ ಎಂದು ಬೆರಳು ತೋರಿಸಿದೆ. ‘ಎಲ್ಲಿ?’ ಹಿಂದೆ, ಬಲಗಡೆ ಮೂಲೆಯಲ್ಲಿ. ‘ಅಲ್ಲಿ ಡಾಲಿ ನೆಟ್ಟಗೆ ಕೂರಲ್ಲ’ ಎಂದವರೇ ಪೇಪರಿನ ಅಂಚಿನಲ್ಲಿ ನಡುಗುವ ಕೈಯಿಂದ ಒಂದು ಚಿತ್ರ ಬರೆದರು. ಒಂದು ತುದಿ ಓರೆ, ಹಿಡಿಯಲು ಬೆರಳಗಲದ ಕತ್ತು. ಅಳತೆ ಅವರ ಹೆಬ್ಬೆರಳಿನದು, ಅದನ್ನು ನಾನು ಮಿಲಿಮೀಟರಿಗೆ ತಂದುಕೊಂಡಿದ್ದೇನೆ. ಕಾಲೇಜಿನ ವರ್ಕ್‌ಶಾಪಿನಲ್ಲಿ ಒಂದು ತುಂಡು ಕಬ್ಬಿಣ ಕೇಳಿಟ್ಟಿದ್ದೇನೆ. ಏಪ್ರಿಲ್‌ನಲ್ಲಿ ಅಲ್ಲಿನ ಕೆರೆಗಳ ಹಿಮ ಕರಗುವುದರೊಳಗೆ ಭಾವನಿಗೆ ಪಾರ್ಸೆಲ್ ಹೋಗಬೇಕು.