‘ಹೋಗ್ಬಿಟ್ರಂತೆ’ ಅನ್ನೋ ಮೆಸೇಜ್ ಬಂದಾಗ ಏನ್ ನೋಡ್ಬೇಕು?

ದೊಡ್ಡ ನಾಯಕರೊಬ್ಬರು ಆಸ್ಪತ್ರೆ ಸೇರಿದ್ರು ಅಂದ್ರೆ ಸಾಕು, ನಮ್ಮ ಫೋನಿಗೆ ಮೂರು ಸುದ್ದಿ ಒಟ್ಟಿಗೆ ಬರುತ್ತೆ: ಆರಾಮಾಗಿದ್ದಾರೆ, ಸೀರಿಯಸ್ಸು, ಹೋಗ್ಬಿಟ್ರು. ಯಾಕೆ ಹೀಗೆ? ಇವತ್ತಿನ ಎಪಿಸೋಡ್ ಅದೇ.

ಮೊದ್ಲು ನನ್ನ ತಪ್ಪು ಹೇಳ್ತೀನಿ. 2016ರ ಡಿಸೆಂಬರ್ 5, ಸೋಮವಾರ. ಬಿ.ಕಾಂ ಓದ್ತಿದ್ದೆ, ನಂಜನಗೂಡಿನ ಮನೇಲಿದ್ದೆ. ತಮಿಳುನಾಡು ಮುಖ್ಯಮಂತ್ರಿ ಜಯಲಲಿತಾ, ನಮ್ಮ ಮೇಲುಕೋಟೆಯಲ್ಲಿ ಹುಟ್ಟಿದವರು, ಸೆಪ್ಟೆಂಬರ್ 22ರಿಂದ ಚೆನ್ನೈ ಅಪೋಲೊದಲ್ಲಿದ್ರು. ಸಂಜೆ ಕೆಲವು ತಮಿಳು ಚಾನೆಲ್‌ಗಳು ‘ನಿಧನ’ ಅಂದ್ವು. ನಾನು ತಕ್ಷಣ ಫ್ಯಾಮಿಲಿ ಗ್ರೂಪಿಗೆ ಹಾಕ್ದೆ. ಜೊತೆಗೆ ‘ಬಾರ್ಡರಲ್ಲಿ ಗಲಾಟೆ’ ಅನ್ನೋ ಇನ್ನೊಂದು ಫಾರ್ವರ್ಡೂ.

ತಿ. ನರಸೀಪುರದ ನಮ್ಮತ್ತೆ ಅದನ್ನ ನೋಡಿದ್ರು. ಮಾವ ಎಳನೀರು ಲೋಡ್ ತಗೊಂಡು ಕೊಯಮತ್ತೂರಿಗೆ ಹೋಗಿದ್ರು. ಕಾವೇರಿ ಗಲಾಟೆಯಾಗಿ ಮೂರು ತಿಂಗಳೂ ಆಗಿರ್ಲಿಲ್ಲ. ಫೋನ್ ಸ್ವಿಚ್ ಆಫ್. ಅತ್ತೆ ರಾತ್ರಿಯೆಲ್ಲ ಬಾಗಿಲಲ್ಲೇ ಕೂತಿದ್ರು. ಬೆಳಿಗ್ಗೆ ಮಾವನ ಫೋನ್ ಬಂತು: ಚಾರ್ಜ್ ಮುಗಿದಿತ್ತು, ಅಷ್ಟೆ. ಅತ್ತೆ ನನಗೆ ಬೈಲಿಲ್ಲ. “ಯಾರ್ ಹೇಳಿದ್ರು ಅಂತ ಒಂದ್ಸಲ ಕೇಳ್ಕೊಂಡು ಹಾಕ್ಬಾರ್ದಿತ್ತೇನೋ?” ಅಂದ್ರು.

ಆವತ್ತು ನಿಜವಾಗಿ ಆಗಿದ್ದೇನು? 4ರ ಸಂಜೆ ಜಯಲಲಿತಾ ಅವರಿಗೆ ಹೃದಯ ಸ್ತಂಭನವಾಯ್ತು. ಎಕ್ಮೋ ಯಂತ್ರ ಹಾಕಿದ್ರು. ಅದು ದೇಹದ ಹೊರಗಿದ್ದು ಹೃದಯ, ಶ್ವಾಸಕೋಶದ ಕೆಲಸ ಮಾಡುತ್ತೆ. ‘ಯಂತ್ರದ ಮೇಲಿದ್ದಾರೆ’ ಅಂದ್ರೆ ತೀರಿಕೊಂಡ್ರು ಅಂತಲ್ಲ. 5ರ ಸಂಜೆ ಪಕ್ಷದ ಕಚೇರಿಯಲ್ಲಿ ಬಾವುಟ ಅರ್ಧಕ್ಕಿಳಿದು ಮತ್ತೆ ಮೇಲೇರಿತು. ಸುದ್ದಿ ಸುಳ್ಳು, ಚಿಕಿತ್ಸೆ ನಡೀತಿದೆ ಅಂತ ಅಪೋಲೊ ಹೇಳ್ತು. ಅವರು ನಿಧನರಾಗಿದ್ದು ರಾತ್ರಿ 11.30ಕ್ಕೆ. ಬೆಳಿಗ್ಗೆ ‘ನೋಡ್ದಾ, ನಾನ್ ಹೇಳಿದ್ದೇ ನಿಜ’ ಅಂದವರು ಬೇಕಾದಷ್ಟು. ಆದ್ರೆ ಸಂಜೆ ಹೇಳಿದಾಗ ಅದು ಸುಳ್ಳೇ.

ಗಾಳಿಸುದ್ದಿ ಹುಟ್ಟೋದು ಎಲ್ಲಿ? ಆ 75 ದಿನ ಆಸ್ಪತ್ರೆಯಿಂದ ಅವರ ಒಂದು ಫೋಟೋನೂ ಹೊರಗೆ ಬರ್ಲಿಲ್ಲ. ‘ಚೇತರಿಸಿಕೊಳ್ತಿದ್ದಾರೆ’ ಅನ್ನೋ ಹೇಳಿಕೆ ಮಾತ್ರ. ಅಧಿಕೃತ ಮಾತು ಕಮ್ಮಿಯಾದಷ್ಟೂ ಊಹೆಗೆ ಜಾಗ ಜಾಸ್ತಿ.

ವಾಟ್ಸಾಪ್‌ನ ಮಾತ್ರ ಬೈಯ್ಬೇಡಿ. 1979ರ ಮಾರ್ಚ್ 22ರಂದು ಜಯಪ್ರಕಾಶ್ ನಾರಾಯಣ್ ನಿಧನರಾದ್ರು ಅಂತ ಲೋಕಸಭೆಯಲ್ಲಿ ಘೋಷಿಸಿದ್ದು ಸ್ವತಃ ಪ್ರಧಾನಿ ಮೊರಾರ್ಜಿ ದೇಸಾಯಿ. ಆಗ ಸ್ಪೀಕರ್ ನಮ್ಮ ಕರಾವಳಿಯ ಕೆ.ಎಸ್. ಹೆಗ್ಡೆ. ಜೆಪಿ ಮುಂಬೈನ ಜಸ್ಲೋಕ್ ಆಸ್ಪತ್ರೆಯಲ್ಲಿ ಬದುಕಿದ್ರು! ತೀರಿಕೊಂಡಿದ್ದು ಅಕ್ಟೋಬರ್ 8ಕ್ಕೆ. 2020ರ ಆಗಸ್ಟ್‌ನಲ್ಲಿ ಪ್ರಣಬ್ ಮುಖರ್ಜಿ ಬಗ್ಗೆನೂ ಇದೇ ಸುದ್ದಿ ಹಬ್ಬಿ, ‘ಅಪ್ಪ ಬದುಕಿದ್ದಾರೆ’ ಅಂತ ಮಗನೇ ಹೇಳ್ಬೇಕಾಯ್ತು.

ಹಾಗಾದ್ರೆ ಏನ್ ನೋಡ್ಬೇಕು? ಒಂದು, ಹೇಳ್ತಿರೋರು ಯಾರು: ಆಸ್ಪತ್ರೆನಾ, ಮನೆಯವರಾ, ಇಲ್ಲಾ ‘ಮೂಲಗಳು’ ಮಾತ್ರನಾ? ಎರಡು, ಬುಲೆಟಿನ್ ಮೇಲಿನ ದಿನಾಂಕ, ಸಮಯ. ಬೆಳಗಿನದು ಸಂಜೆಗೆ ಹಳೇದು. ಮೂರು, ‘ಸ್ಥಿರ’ ಅಂದ್ರೆ ಗುಣ ಆಯ್ತು ಅಂತಲ್ಲ, ಸದ್ಯಕ್ಕೆ ಏರುಪೇರಿಲ್ಲ ಅಂತ. ಗಂಭೀರವಾಗಿದ್ದೂ ಸ್ಥಿರವಾಗಿರಬಹುದು.

ಇಷ್ಟು ನೋಡಿದ್ಮೇಲೂ ಅನುಮಾನ ಇದ್ರೆ ಕಳಿಸ್ಬೇಡಿ. ಸುದ್ದಿ ನಿಜವಾಗಿದ್ರೆ ಅರ್ಧ ಗಂಟೇಲಿ ಎಲ್ರಿಗೂ ಗೊತ್ತಾಗುತ್ತೆ. ನೀವೇ ಮೊದ್ಲು ಹೇಳ್ಬೇಕು ಅಂತೇನಿಲ್ಲ. ನಾನಂತೂ ಈಗ ನಮ್ಮತ್ತೆ ಇರೋ ಗ್ರೂಪಿಗೆ ಏನ್ ಹಾಕೋ ಮುಂಚೆನೂ ಕೇಳ್ಕೊತೀನಿ: ಯಾರ್ ಹೇಳಿದ್ರು?