ಹೊರನಾಡಿನ ಊಟಕ್ಕೆ ದೇಹ ಒಗ್ಗುವ ಬಗೆ

೧೯೬೧ರಲ್ಲಿ ಅಮೆರಿಕದ ಅಧ್ಯಕ್ಷ ಜಾನ್ ಕೆನೆಡಿಯವರು ‘ಪೀಸ್ ಕೋರ್’ ಎಂಬ ಸೇವಾದಳವನ್ನು ಸ್ಥಾಪಿಸಿದರು. ಅದರ ಸ್ವಯಂಸೇವಕರು ೧೯೭೬ರವರೆಗೆ ಭಾರತದಲ್ಲಿ ದುಡಿದರು. ಆಗಿನ ಮೈಸೂರು ರಾಜ್ಯಕ್ಕೂ ಹಲವರು ಬಂದು, ಕೋಳಿ ಸಾಕಣೆಯೇ ಮೊದಲಾದ ಕೆಲಸಗಳಲ್ಲಿ ನೆರವಾದರು. ಕೆಲಸಕ್ಕೆ ತೊಡಗುವ ಮೊದಲು ಅವರಿಗೆ ಭಾಷೆ, ನಡೆನುಡಿ, ಕಸುಬುಗಳ ತರಬೇತಿ ದೊರೆಯುತ್ತಿತ್ತು. ಆದರೆ ನಾಲಗೆಗೂ ಕರುಳಿಗೂ ತರಬೇತಿ ದೊರೆಯುವುದು ಊಟದ ತಟ್ಟೆಯ ಮುಂದೆಯೇ.

ಅಂತಹ ತರುಣನೊಬ್ಬನು ಹುಬ್ಬಳ್ಳಿ-ಧಾರವಾಡದ ಕಡೆಯ ಮನೆಯೊಂದರಲ್ಲಿ ಊಟಕ್ಕೆ ಕುಳಿತನೆಂದು ಭಾವಿಸೋಣ. ಮುಂದೆ ಜೋಳದ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ, ಶೇಂಗಾ ಚಟ್ನಿ. ಮೊದಲ ತುತ್ತಿಗೇ ಬಾಯಿ ಉರಿದು ಕಣ್ಣಲ್ಲಿ ನೀರು ಬರುತ್ತದೆ. ಇದಕ್ಕೆ ಕಾರಣವೇನು?

ನಿಜವಾಗಿ ನೋಡಿದರೆ ಖಾರವೆಂಬುದು ರುಚಿಯಲ್ಲ, ಉರಿಯ ಅನುಭವ. ಸುಮಾರು ೪೩ ಡಿಗ್ರಿ ಸೆಲ್ಸಿಯಸ್‌ಗಿಂತ ಹೆಚ್ಚಿನ ಬಿಸಿಯನ್ನು ಗುರುತಿಸುವ ಗ್ರಾಹಕಗಳು ನಮ್ಮ ನರತುದಿಗಳಲ್ಲಿವೆ. ಮೆಣಸಿನಕಾಯಿಯ ಕ್ಯಾಪ್ಸೈಸಿನ್ ಅವುಗಳನ್ನೇ ಕೆರಳಿಸುತ್ತದೆ. ಬಾಯಿ ಸುಟ್ಟಿತೆಂದು ಮಿದುಳು ಮೋಸಹೋಗುತ್ತದೆ. ಈ ಗ್ರಾಹಕವನ್ನು ೧೯೯೭ರಲ್ಲಿ ಗುರುತಿಸಿದ ತಂಡದ ನಾಯಕ ಡೇವಿಡ್ ಜೂಲಿಯಸ್ ಅವರಿಗೆ ೨೦೨೧ರ ನೊಬೆಲ್ ಪಾರಿತೋಷಕದಲ್ಲಿ ಪಾಲು ದೊರೆಯಿತು. ದಿನವೂ ಸ್ವಲ್ಪ ಸ್ವಲ್ಪ ಖಾರ ತಿಂದರೆ ನರತುದಿಗಳ ಸಂವೇದನೆ ಮೆಲ್ಲನೆ ತಗ್ಗುತ್ತದೆ. ಕ್ಯಾಪ್ಸೈಸಿನ್ ನೀರಿನಲ್ಲಿ ಸರಿಯಾಗಿ ಕರಗದಾದ್ದರಿಂದ ನೀರು ಕುಡಿದರೆ ಉರಿ ಶಮನವಾಗದು. ಹಾಲು ಮೊಸರುಗಳಲ್ಲಿರುವ ಕೇಸೀನ್ ಎಂಬ ಸಸಾರಜನಕವು ಅದನ್ನು ಹಿಡಿದುಕೊಳ್ಳುತ್ತದೆ. ಬಣ್ಣವನ್ನು ಕಂಡು ಹೆದರಬೇಕಾಗಿಯೂ ಇಲ್ಲ. ಬ್ಯಾಡಗಿ ಮೆಣಸಿನಕಾಯಿ ಕಡುಗೆಂಪಾದರೂ ಅದರ ಖಾರ ಸೌಮ್ಯವಾದುದು.

ಇನ್ನು ಕರುಳಿನ ಮಾತು. ಜೋಳದಲ್ಲಿಯೂ ಕಾಳುಗಳಲ್ಲಿಯೂ ನಾರಿನಂಶ ಹೆಚ್ಚು. ಈ ನಾರನ್ನು ನಮ್ಮ ಜೀರ್ಣರಸಗಳು ಒಡೆಯಲಾರವು. ಅದರಲ್ಲಿ ಬಹುಭಾಗವನ್ನು ಒಡೆಯುವವು ದೊಡ್ಡ ಕರುಳಿನಲ್ಲಿ ವಾಸಿಸುವ ಸೂಕ್ಷ್ಮಜೀವಿಗಳು. ಮೈದಾ ರೊಟ್ಟಿಗೆ ಒಗ್ಗಿದವನಿಗೆ ಮೊದಮೊದಲು ಹೊಟ್ಟೆ ಉಬ್ಬರಿಸುವುದು ಸಹಜ. ಆಹಾರವನ್ನು ಬದಲಿಸಿದ ಕೆಲವೇ ದಿನಗಳಲ್ಲಿ ಈ ಜೀವಿಗಳ ಸಮುದಾಯವೂ ಬದಲಾಗುವುದೆಂದು ೨೦೧೪ರಲ್ಲಿ ಪ್ರಕಟವಾದ ಪ್ರಯೋಗವೊಂದು ತೋರಿಸಿತು. ಆದುದರಿಂದ ಆತಿಥೇಯರು ಎಷ್ಟೇ ಉಪಚಾರ ಮಾಡಿದರೂ ಮೊದಲ ವಾರ ‘ಅರ್ಧ ರೊಟ್ಟಿ ಸಾಕು’ ಎನ್ನುವುದು ಅವಮರ್ಯಾದೆಯಲ್ಲ, ವಿವೇಕ.

ಇಲ್ಲೊಂದು ಭೇದವನ್ನು ಮರೆಯಬಾರದು. ಖಾರಕ್ಕೂ ನಾರಿಗೂ ದೇಹ ಒಗ್ಗುತ್ತದೆ. ಕಲುಷಿತ ನೀರಿನೊಡನೆ ಬರುವ ರೋಗಾಣುಗಳಿಗೆ ಒಗ್ಗಿಕೊಳ್ಳುವೆನೆಂದು ಹೊರಡುವುದು ಅಪಾಯಕರ. ಭೇದಿಯನ್ನು ‘ಹೊಸ ಊಟದ ಪರಿಣಾಮ’ವೆಂದು ಅಲಕ್ಷಿಸಿದರೆ ದೇಹದ ನೀರೂ ಲವಣವೂ ಬರಿದಾಗಿ ಪ್ರಾಣಕ್ಕೇ ಸಂಚಕಾರ ಬರಬಹುದು. ಕುದಿಸಿ ಆರಿಸಿದ ಒಂದು ಲೀಟರ್ ನೀರಿಗೆ ಆರು ಸಮಚಮಚ ಸಕ್ಕರೆಯನ್ನೂ ಅರ್ಧ ಸಮಚಮಚ ಉಪ್ಪನ್ನೂ ಬೆರೆಸಿ ಆಗಾಗ ಕುಡಿಸಬೇಕು. ಇಲ್ಲಿ ಚಮಚವೆಂದರೆ ಚಹಾದ ಚಮಚ. ಜ್ವರ ಬಂದರೆ, ರಕ್ತ ಕಂಡರೆ ಇಲ್ಲವೆ ರೋಗಿ ಬಳಲಿದರೆ ತಡಮಾಡದೆ ವೈದ್ಯರಲ್ಲಿಗೆ ಕರೆದೊಯ್ಯಬೇಕು.

ಧಾರವಾಡದಿಂದ ಹೊರದೇಶಕ್ಕೆ ಓದಲು ಹೋಗುವ ವಿದ್ಯಾರ್ಥಿಗೂ ಇದೇ ನಿಯಮ ಸಲ್ಲುತ್ತದೆ. ಹೊಸ ಊಟವನ್ನು ಸ್ವಲ್ಪವಾಗಿ, ಹಲವು ಸಲ ಸವಿಯಬೇಕು. ನೀರಿನ ವಿಷಯದಲ್ಲಿ ಮಾತ್ರ ದಾಕ್ಷಿಣ್ಯ ಸಲ್ಲದು.